ಸರ್ವಮಂಗಳಮ್ಮ ಕಿವಿ ಆರಿಸಿಕೊಂಡದ್ದು

ಆಲ್ದೂರಿನ ಬಸ್ ನಿಲ್ದಾಣದಿಂದ ನೂರು ಹೆಜ್ಜೆ ನಡೆದರೆ ಸಿಗುವ ಕಾಫಿ ಕೊಳ್ಳುವ ಅಂಗಡಿಯಲ್ಲಿ ಚೆರಿ, ಅಂದರೆ ಕಾಫಿ ಹಣ್ಣು, ಒಣಗಿದೆಯೋ ಇಲ್ಲವೋ ಎಂದು ಮೂವತ್ತೆಂಟು ವರ್ಷ ತೀರ್ಪು ಕೊಟ್ಟದ್ದು ಯಾವ ಯಂತ್ರವೂ ಅಲ್ಲ, ಸರ್ವಮಂಗಳಮ್ಮನ ಬಲಗಿವಿ. ಬೆಳೆಗಾರರು ಚೀಲ ಇಳಿಸುತ್ತಿದ್ದರು. ಆಕೆ ಕುರ್ಚಿಯಿಂದ ಏಳದೆ, ಮೊಣಕೈ ಮುಳುಗುವಷ್ಟು ಆಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲುಗಾಡಿಸುತ್ತಿದ್ದಳು. ಹಣ್ಣು ಸಿಪ್ಪೆಸಮೇತ ಸರಿಯಾಗಿ ಒಣಗಿದ್ದರೆ ಒಳಗಿನ ಬೀಜ ಸಿಪ್ಪೆ ಬಿಟ್ಟು ಗಲಗಲ ಎನ್ನುತ್ತದೆ. ಹಸಿಯಾಗಿದ್ದರೆ ಬಾಯಿ ಬಿಡುವುದಿಲ್ಲ. ಅರೆ ಒಣಗಿದ್ದಕ್ಕೂ ಒಂದು ಮಂಕು ಸದ್ದಿದೆ, ಅದನ್ನು ಹಿಡಿಯುವುದಕ್ಕೇ ಕಿವಿ ಬೇಕು. "ಇನ್ನೆರಡು ಬಿಸಿಲು" ಎಂದು ಆಕೆ ಹೇಳಿದರೆ ಎರಡೇ ಬಿಸಿಲು. ಮೂರೂ ಅಲ್ಲ, ಒಂದೂ ಅಲ್ಲ.

ಈ ವಿದ್ಯೆ ಕಲಿಸಿದ್ದು ಮಾವ. ಮದುವೆಯಾಗಿ ಬಂದ ಮೊದಲ ಸುಗ್ಗಿಯಲ್ಲೇ ಸೊಸೆಯ ಕಿವಿ ಚುರುಕಾಗಿದೆ ಎಂದು ಕಂಡುಕೊಂಡು, ಅಡುಗೆಮನೆಯಿಂದ ಎಬ್ಬಿಸಿ ತಂದು ತಮ್ಮ ಪಕ್ಕ ಕೂರಿಸಿಕೊಂಡಿದ್ದರು. ಆಮೇಲೆ ಮಾವ ಹೋದರು, ಗಂಡ ಬಸವರಾಜು ಹೋದರು, ಮಗ ರುದ್ರೇಶ್ ವ್ಯಾಪಾರ ವಹಿಸಿಕೊಂಡ. ಕುರ್ಚಿ ಮಾತ್ರ ಆಕೆಯದಾಗಿಯೇ ಉಳಿಯಿತು. ಎರಡು ವರ್ಷದ ಹಿಂದೆ ರುದ್ರೇಶ್ ತೇವ ಅಳೆಯುವ ಮೀಟರ್ ಒಂದನ್ನು ತಂದಿದ್ದ. ಅಮ್ಮ ಅದರ ಕಡೆ ನೋಡಿದ ನೋಟಕ್ಕೇ ಹೆದರಿ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ್ದ.

ಆದರೆ ಕಿವಿಗೂ ವಯಸ್ಸಾಗುತ್ತದೆ, ಅದೂ ಕಳ್ಳನ ಹಾಗೆ ಸದ್ದಿಲ್ಲದೆ. ಅರವತ್ತೆರಡರ ಸರ್ವಮಂಗಳಮ್ಮನಿಗೆ ಮಾತು ಕೇಳಿಸುತ್ತಿತ್ತು, ಬಸ್ಸಿನ ಹಾರನ್ ಕೇಳಿಸುತ್ತಿತ್ತು, ಅಂಗಡಿಯಲ್ಲಿ ಮಗ ಗೊಣಗುವುದಂತೂ ಚೆನ್ನಾಗಿಯೇ ಕೇಳಿಸುತ್ತಿತ್ತು. ಹೋದದ್ದು ಸಣ್ಣ ಸದ್ದುಗಳು. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವುದು, ನಲ್ಲಿ ತೊಟ್ಟಿಕ್ಕುವುದು, ತನ್ನ ಕೈಯ ಬಳೆ. ಅವು ಹೋದದ್ದೇ ಆಕೆಗೆ ಗೊತ್ತಾಗಲಿಲ್ಲ. ತನಗೆ ಕೇಳಿಸದ ಸದ್ದು ಲೋಕದಲ್ಲೇ ಇಲ್ಲ ಎಂದು ತಿಳಿಯುವುದು ಮನುಷ್ಯರ ಹಳೆಯ ಚಾಳಿ. ಹಿಡಿಯಲ್ಲಿದ್ದ ಚೆರಿ ಗಲಗಲ ಎನ್ನದಿದ್ದರೆ ತಪ್ಪು ಚೆರಿಯದೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಈ ಜನವರಿಯಲ್ಲಿ ಸುಗ್ಗಿಯ ಮೊದಲ ಮಾಲಾಗಿ ಹಬೀಬುರ್ರಹ್ಮಾನ್ ಸಾಹೇಬರು ಹನ್ನೆರಡು ಚೀಲ ಅರೇಬಿಕಾ ಜಾತಿಯ ಚೆರಿ ತಂದರು. ಏಳೆಂಟು ಕಿಲೋಮೀಟರ್ ಆಚೆ ಅವರದೊಂದು ಸಣ್ಣ ತೋಟ. ಇಪ್ಪತ್ತೈದು ವರ್ಷದಿಂದ ಬೇರೆ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ, ಒಂದು ದಿನ ಹಸಿ ಮಾಲು ತಂದವರಲ್ಲ. ಸರ್ವಮಂಗಳಮ್ಮ ಹಿಡಿ ತೆಗೆದು ಅಲುಗಾಡಿಸಿದಳು. ಸದ್ದಿಲ್ಲ.

"ಇನ್ನೆರಡು ಬಿಸಿಲು ಬೇಕು ಸಾಹೇಬ್ರೆ" ಎಂದಳು.

ಸಾಹೇಬರು ಒಂದು ಗಳಿಗೆ ಆಕೆಯ ಮುಖ ನೋಡಿದರು. "ಆಯ್ತಕ್ಕ" ಎಂದು ಅಷ್ಟೂ ಚೀಲಗಳನ್ನು ಮತ್ತೆ ಜೀಪಿಗೆ ಹೇರಿಸಿಕೊಂಡು ಹೊರಟರು.

ಎರಡು ದಿನ ಬಿಟ್ಟು ಬಂದರು. ಆಗಲೂ ಸದ್ದಿಲ್ಲ. ಈ ಸಲ ಆಕೆಗೆ ಸಿಟ್ಟು ಬಂತು. "ಎಂತ ಸಾಹೇಬ್ರೆ, ನೀವೂ ಹಸಿ ಮಾಲು ದಾಟಿಸೋಕೆ ಶುರು ಮಾಡಿದ್ರಾ?" ಎಂದು ಅಂಗಡಿಯಲ್ಲಿದ್ದ ಹತ್ತು ಜನರೆದುರು ಅಂದೇಬಿಟ್ಟಳು. ಹತ್ತು ಜನರೂ ತಿರುಗಿ ನೋಡಿದರು. ಸಾಹೇಬರು ಚೀಲ ಹೇರಿಸಿಕೊಂಡು ಹೋದರು.

ಮೂರನೆಯ ಸಲ ಬಂದಾಗ ರುದ್ರೇಶನಿಗೆ ಅನುಮಾನ ಬಂತು. ಅಮ್ಮ ಕೈ ಹಾಕುವ ಮೊದಲೇ ಮೀಟರ್ ತಂದು ಇಟ್ಟ. ಸರಿಯಾದ ಹದಕ್ಕೆ ನೂರಕ್ಕೆ ಹನ್ನೊಂದು ತೇವ ತೋರಿಸಬೇಕಾದದ್ದು ಎಂಟೂವರೆ ತೋರಿಸಿತು. ಒಂದು ಬೀಜ ತೆಗೆದು ಕಚ್ಚಿದರೆ ಹಲ್ಲಿನಡಿ ಪುಡಿಪುಡಿಯಾಯಿತು. ಬಂಗಾರದಂಥ ಚೆರಿ ಸುಮ್ಮಸುಮ್ಮನೆ ಬಿಸಿಲಿನಲ್ಲಿ ಬಿದ್ದು ಹಾಳಾಗಿತ್ತು. "ಈ ವರ್ಷ ಬಿಸಿಲು ಸ್ವಲ್ಪ ಜೋರು" ಎಂದಷ್ಟೇ ಹೇಳಿದ ಸಾಹೇಬರು, ಕೊಟ್ಟ ದರಕ್ಕೆ ಒಪ್ಪಿ ಜೀಪು ಹತ್ತಿದರು.

ಸರ್ವಮಂಗಳಮ್ಮನಿಗೆ ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. ಆ ಎಂಟೂವರೆಯ ಚೆರಿಯನ್ನು ಹಿಡಿಯಲ್ಲಿ ಹಿಡಿದು ಮತ್ತೆ ಮತ್ತೆ ಅಲುಗಾಡಿಸಿದಳು. ಪಕ್ಕದಲ್ಲಿದ್ದ ತೂಕ ಹಾಕುವ ಆಳು ಗಿರಿ "ಎಷ್ಟು ಚಂದ ಗಲಗಲ ಅಂತದೆ ನೋಡಿ" ಎಂದ. ಆಕೆಗೆ ಗಿರಿಯ ಮಾತು ಕೇಳಿಸಿತು, ಚೆರಿಯದು ಕೇಳಿಸಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಒಂದು ಹಿಡಿ ಚೆರಿಗೆ ಇಬ್ಬರ ಮಾನ ಹೋಗಿತ್ತು. ತನ್ನದು ಹೋದದ್ದಕ್ಕಿಂತ, ನೆಟ್ಟಗೆ ಬದುಕಿದ ಒಬ್ಬ ಮನುಷ್ಯನಿಗೆ ಕಳ್ಳ ಅಂದುಬಿಟ್ಟೆನಲ್ಲ ಎಂಬುದು ಆಕೆಯ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತು.

ಮರುದಿನದಿಂದ ಆಕೆ ಕುರ್ಚಿಯಲ್ಲಿ ಕೂರಲಿಲ್ಲ. ಕೂರು ಎಂದು ಯಾರೂ ಹೇಳಲೂ ಇಲ್ಲ.

"ಬೇಜಾರು ಮಾಡ್ಕೋಬೇಡಮ್ಮ" ಎಂದ ರುದ್ರೇಶ್. "ಮೀಟರ್ ಇದೆಯಲ್ಲ. ಒಂದು ಒಳ್ಳೆ ಕಿವಿ ಮಿಷನ್ ಹಾಕಿಸ್ಕೊ, ಮನೇಲಿ ಆರಾಮಾಗಿ ಟಿವಿ ನೋಡ್ತಾ ಇರು."

"ಟಿವಿಲಿ ಎಂತ ಕೇಳೋದಿದೆ ನಂಗೆ? ಅದರಲ್ಲಿ ಅಳೋರು ನಂಗೆ ಕೇಳಿಸದಿದ್ರೂ ಅಳ್ತಾರೆ" ಎಂದಳು ಸರ್ವಮಂಗಳಮ್ಮ.

ಮಿಷನ್ನು ಬೇಡವೆಂದಲ್ಲ. ಆಕೆಯ ಲೆಕ್ಕ ಬೇರೆಯೇ ಇತ್ತು. ಆ ಕುರ್ಚಿಯಲ್ಲಿ ಮತ್ತೆ ಕೂರಬೇಕು, ಅದೇ ಜನರೆದುರು ಸಾಹೇಬರಿಗೆ ತಪ್ಪಾಯಿತು ಎನ್ನಬೇಕು. ಕಿವಿ ಇಲ್ಲದೆ ಅಂದರೆ ಅದು ಅಯ್ಯೋ ಪಾಪದ ಮುದುಕಿಯ ಮಾತು. ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಸಾಹೇಬರ ಮೇಲೆ ಬಿದ್ದ ಮಸಿಯೂ ಹೋಗುವುದಿಲ್ಲ. ಬಲ್ಲವಳು ಅಂದರೆ ಮಾತ್ರ ಅದಕ್ಕೊಂದು ತೂಕ.

ಸೊಸೆ ಶಿಲ್ಪಾಳನ್ನು ಕರೆದುಕೊಂಡು ಆಕೆ ಚಿಕ್ಕಮಗಳೂರಿಗೆ ಹೊರಟಾಗ ಕೈಚೀಲದಲ್ಲಿ ಐದು ಬಟ್ಟೆಯ ಗಂಟುಗಳಿದ್ದವು. ಪೂರಾ ಹಸಿಯಿಂದ ಹಿಡಿದು ಪೂರಾ ಒಣಗಿದ್ದರವರೆಗೆ ಐದು ಹದದ ಚೆರಿ. ಕಿವಿ ಪರೀಕ್ಷೆಯ ಕ್ಲಿನಿಕ್ಕಿನಲ್ಲಿದ್ದ ಹುಡುಗಿಯ ಹೆಸರು ಸುಪ್ರಿಯಾ. ಗಾಜಿನ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಒಂದೊಂದೇ ಸದ್ದು ಕೊಟ್ಟು ಪರೀಕ್ಷೆ ಮಾಡಿದಳು. ಕಾಗದದ ಮೇಲೆ ಮೂಡಿ ಬಂದ ಗೆರೆಯನ್ನು ತೋರಿಸಿದಳು. ಎಡಗಡೆ ಸಮತಟ್ಟಾಗಿ ಹೊರಟ ಗೆರೆ ಬಲಗಡೆ ಹೋಗುತ್ತ ಚಾರ್ಮಾಡಿ ಘಾಟಿಯ ಹಾಗೆ ಇಳಿದಿತ್ತು.

"ದಪ್ಪ ಸದ್ದೆಲ್ಲ ಚೆನ್ನಾಗೇ ಕೇಳಿಸ್ತಿದೆ ಅಮ್ಮ. ತೆಳು ಸದ್ದು ಹೋಗಿದೆ" ಎಂದು ಫಾರಂ ತೆಗೆದಳು. "ಮಿಷನ್ ಮುಖ್ಯವಾಗಿ ಯಾವುದಕ್ಕೆ ಬೇಕು? ಮನೆಯವರ ಮಾತಿಗಾ, ಫೋನಿಗಾ, ಟಿವಿಗಾ?"

"ಚೆರಿಗೆ" ಎಂದು ಸರ್ವಮಂಗಳಮ್ಮ ಐದೂ ಗಂಟುಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟಳು.

ಸುಪ್ರಿಯಾಗೆ ಕಾಫಿ ಕುಡಿದು ಗೊತ್ತೇ ಹೊರತು ಅಲುಗಾಡಿಸಿ ಗೊತ್ತಿರಲಿಲ್ಲ. ತಾನೂ ಒಂದೊಂದು ಹಿಡಿ ತೆಗೆದು ಕಿವಿಯ ಹತ್ತಿರ ಹಿಡಿದು ನೋಡಿದಳು. ಐದರಲ್ಲಿ ಎರಡರ ವ್ಯತ್ಯಾಸ ಮಾತ್ರ ಅವಳಿಗೆ ತಿಳಿಯಿತು. ಫಾರಂನಲ್ಲಿ ಚೆರಿಗೆ ಜಾಗ ಇರಲಿಲ್ಲವಾದ್ದರಿಂದ ಅಂಚಿನಲ್ಲಿ ಪೆನ್ನಿನಿಂದ ಬರೆದುಕೊಂಡಳು. ಆ ಕ್ಷಣಕ್ಕೇ ಸರ್ವಮಂಗಳಮ್ಮನಿಗೆ ಈ ಹುಡುಗಿ ಇಷ್ಟವಾದಳು.

ಮೊದಲು ಕೊಟ್ಟದ್ದು ಸಾದಾ ಮಿಷನ್ನು. ಒಂದು ವಾರ ಮನೆಯಲ್ಲಿ ಹಾಕಿ ನೋಡಿ ಎಂದು ಕಳಿಸಿದಳು. ಅದಕ್ಕೆ ಹಿರಿಯರು ಕಿರಿಯರು ಎಂಬ ಭೇದವಿರಲಿಲ್ಲ, ಎಲ್ಲರನ್ನೂ ಸಮನಾಗಿ ಕಿರುಚಿಸುತ್ತಿತ್ತು. ತಟ್ಟೆ ಇಟ್ಟರೆ ಬಾಂಬು, ಬಸ್ಸು ಹೋದರೆ ಪ್ರಳಯ, ತನ್ನ ದನಿ ಬಿಂದಿಗೆಯೊಳಗೆ ಕೂತು ಮಾತಾಡಿದಂತೆ. ಮೂರನೆಯ ದಿನವೇ ತಲೆನೋವು ಹಿಡಿದು ಡಬ್ಬಿಗೆ ಸೇರಿತು.

ಎರಡನೆಯದು ಭಾರಿ ಜಾಣ. ಹುಣಸೆಬೀಜಕ್ಕಿಂತ ತುಸು ದೊಡ್ಡದು, ಕಿವಿಯ ಹಿಂದೆ ಕೂತರೆ ಕಾಣುತ್ತಲೇ ಇರಲಿಲ್ಲ. ಮೊಬೈಲಿನ ಜೊತೆ ಅದರದು ನೇರ ಸಂಬಂಧ, ಫೋನ್ ಬಂದರೆ ಕಿವಿಯೊಳಗೇ ಮಾತು. ಸಂತೆಗೆ ಹೋದರೆ ಸಂತೆ ಎಂದು, ಮನೆಯಲ್ಲಿದ್ದರೆ ಮನೆ ಎಂದು ತಾನೇ ತಿಳಿದುಕೊಂಡು ಬದಲಾಗುತ್ತಿತ್ತು. ಮೊಮ್ಮಗಳ ಮಾತು ಜೇನು ಸುರಿದ ಹಾಗೆ ಕೇಳಿಸಿತು. ಬೀದಿಯ ಗಲಾಟೆಯ ನಡುವೆಯೂ ಶಿಲ್ಪಾ ಪಿಸುಗುಟ್ಟಿದ್ದು ಸ್ಪಷ್ಟವಾಗಿತ್ತು. ಸರ್ವಮಂಗಳಮ್ಮ ಹಿಗ್ಗಿಹೋದಳು. ಆ ಹಿಗ್ಗಿನಲ್ಲೇ ಒಣಗಿದ ಚೆರಿಯ ಗಂಟು ಬಿಚ್ಚಿ ಒಂದು ಹಿಡಿ ತೆಗೆದು ಅಲುಗಾಡಿಸಿದಳು. ಮೊದಲು ಗಲ್ ಎಂದದ್ದು ಕೇಳಿಸಿತು. ಆಮೇಲೆ ಯಾರೋ ಕಂಬಳಿ ಹೊದಿಸಿದ ಹಾಗೆ ಆ ಸದ್ದು ಅಡಗಿತು. ಹತ್ತು ಸಲ ಮಾಡಿದರೂ ಹತ್ತು ಸಲವೂ ಅದೇ.

ಮರುದಿನವೇ ಬಸ್ಸು ಹತ್ತಿದಳು. ಸುಪ್ರಿಯಾ ಕಂಪ್ಯೂಟರಿನಲ್ಲಿ ಇಣುಕಿ ನೋಡಿ ತುಟಿ ಕಚ್ಚಿಕೊಂಡಳು.

"ಇದು ತಾನೇ ತೀರ್ಮಾನ ಮಾಡ್ತದೆ ಅಮ್ಮ, ಮಾತು ಯಾವುದು ಗದ್ದಲ ಯಾವುದು ಅಂತ. ಪಾತ್ರೆ ಸದ್ದು, ಕಾಗದದ ಸದ್ದು, ಇಂಥ ಚೂಪು ಸದ್ದನ್ನೆಲ್ಲ ಒತ್ತಿಬಿಡ್ತದೆ. ನಿಮ್ಮ ಚೆರೀನೂ ಅದು ಗದ್ದಲ ಅಂದ್ಕೊಂಡಿದೆ."

"ಮೂವತ್ತೆಂಟು ವರ್ಷ ನಮ್ಮನೆಗೆ ಅನ್ನ ಹಾಕಿದ ಸದ್ದು ಅದು" ಎಂದಳು ಸರ್ವಮಂಗಳಮ್ಮ. "ಅದಕ್ಕೆ ಗದ್ದಲ ಅಂತದಾ ನಿಮ್ಮ ಮಿಷನ್ನು?"

"ಎಲ್ಲರೂ ಇದನ್ನೇ ಕೇಳ್ತಾರೆ ಅಮ್ಮ, ನಮ್ಮಲ್ಲಿರೋದ್ರಲ್ಲಿ ಒಳ್ಳೇದು."

"ಅವರೆಲ್ಲ ಮಾತು ಕೇಳೋಕೆ ಬರ್ತಾರೆ. ಮಾತು ನಾನು ಬೇಕಾದಷ್ಟು ಕೇಳಿದ್ದೀನಿ ಮಾರಾಯ್ತಿ."

ಶಿಲ್ಪಾ ಅತ್ತೆಯ ಮೊಣಕೈ ತಿವಿದಳು. ಇಷ್ಟು ಒಳ್ಳೆಯ ಮಿಷನ್ನು ಬಿಡುವುದೇ ಎಂದು ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಸುಪ್ರಿಯಾ ಮಾತ್ರ ಎದ್ದು ಒಳಗೆ ಹೋಗಿ ಇನ್ನೊಂದು ಡಬ್ಬಿ ತಂದಳು. ಅದೂ ಮೊಬೈಲಿಗೆ ಹೊಂದಿಕೊಳ್ಳುವುದೇ, ಆದರೆ ಅದರ ಜಾಣತನವನ್ನು ಬೇಕೆಂದಾಗ ನಿಲ್ಲಿಸಬಹುದಿತ್ತು.

"ಇದಕ್ಕೆ ಬುದ್ಧಿ ಸ್ವಲ್ಪ ಕಮ್ಮಿ ಅಮ್ಮ. ಆದ್ರೆ ಹೇಳಿದ ಮಾತು ಕೇಳ್ತದೆ."

"ಹಂಗಾದ್ರೆ ಅದೇ ನಮ್ಮನೆಗೆ ಸರಿ" ಎಂದಳು ಸರ್ವಮಂಗಳಮ್ಮ.

ಆ ಮಧ್ಯಾಹ್ನ ಸುಪ್ರಿಯಾ ಊಟ ಬಿಟ್ಟು ಒಂದು ಗಂಟೆ ಕೂತಳು. ಆಕೆ ಅಲುಗಾಡಿಸುವುದು, ಇವಳು ಕಂಪ್ಯೂಟರಿನಲ್ಲಿ ತೆಳು ಸದ್ದನ್ನು ಕೂದಲೆಳೆಯಷ್ಟು ಎತ್ತುವುದು, ಮತ್ತೆ ಅಲುಗಾಡಿಸುವುದು. ಮನೆಗೊಂದು, ಬೀದಿಗೊಂದು, ಚೆರಿಗೊಂದು ಎಂದು ಮೂರು ಬಗೆ ಮಾಡಿಟ್ಟಳು. ಕಿವಿಯ ಹಿಂದಿನ ಗುಂಡಿಯನ್ನು ಎರಡು ಸಲ ಒತ್ತಿದರೆ ಚೆರಿಯ ಬಗೆ ಬರುತ್ತಿತ್ತು. ಆಗ ಯಾವ ಸದ್ದನ್ನೂ ಅದು ಒತ್ತುತ್ತಿರಲಿಲ್ಲ. ಸರ್ವಮಂಗಳಮ್ಮ ಗುಂಡಿ ಒತ್ತಿ ಹಿಡಿ ಎತ್ತಿದಳು. ಗಲಗಲ ಎಂದಿತು. ಅದನ್ನು ಕೇಳಿ ಎಷ್ಟು ಕಾಲವಾಗಿತ್ತೋ ಏನೋ, ಆಕೆಯ ಹಿಡಿ ಸಡಿಲಿ ನಾಲ್ಕು ಕಾಯಿ ನೆಲಕ್ಕೆ ಬಿದ್ದವು. ಅವು ಬಿದ್ದದ್ದೂ ಕೇಳಿಸಿತು.

ಆದರೆ ಕಣ್ಣು ಮುಚ್ಚಿಸಿ ಒಂದೊಂದೇ ಹಿಡಿ ಕೈಗಿತ್ತು ಕೇಳಿದಾಗ ಐದರಲ್ಲಿ ಮೂರು ತಪ್ಪು. ಇದು ಮಾವ ಕಲಿಸಿದ ಸದ್ದಲ್ಲ. ತಗಡಿನ ಡಬ್ಬಿಯಲ್ಲಿ ಮರಳು ಹಾಕಿ ಆಡಿಸಿದಂಥ ಸದ್ದು. ಆಕೆಯ ಮುಖ ಸಣ್ಣದಾಯಿತು.

"ಕಿವಿಗೆ ಸದ್ದು ತಲುಪಿದೆ ಅಮ್ಮ, ತಲೆಗೆ ಇನ್ನೂ ಅಭ್ಯಾಸ ಆಗಿಲ್ಲ" ಎಂದಳು ಸುಪ್ರಿಯಾ. "ಒಂದು ತಿಂಗಳು ದಿನಾ ಹಾಕಿ. ಬಿಡಬೇಡಿ."

ಬಿಡುವ ಜಾಯಮಾನವೇ ಅಲ್ಲವಲ್ಲ. ಸರ್ವಮಂಗಳಮ್ಮ ಹೊಸ ಸೊಸೆಯ ಹಾಗೆ ಮೊದಲಿನಿಂದ ಕಲಿಯತೊಡಗಿದಳು. ಬೆಳಿಗ್ಗೆ ಕಾಫಿ ಆದ ಮೇಲೆ ಜಗಲಿಯಲ್ಲಿ ಕಣ್ಣು ಮುಚ್ಚಿ ಕೂರುವುದು, ಶಿಲ್ಪಾ ಅಂಗಡಿಯಿಂದ ಆಗಾಗ ಹೊಸದಾಗಿ ಕಟ್ಟಿ ತಂದ ಗಂಟುಗಳಿಂದ ಹತ್ತು ಸಲ ಹಿಡಿ ತುಂಬಿಸುವುದು, ಆಕೆ ಹದ ಹೇಳುವುದು. ಮೊದಲ ವಾರ ನಾಲ್ಕು ಸರಿ, ಎರಡನೆಯ ವಾರ ಆರು. ಒಂದು ದಿನ ಏಳಕ್ಕೇರಿ ಮಾರನೆಯ ದಿನ ಮೂರಕ್ಕಿಳಿದಾಗ ಮಿಷನ್ನನ್ನು ಕಿತ್ತು ತಲೆದಿಂಬಿನಡಿ ಹಾಕಿ ಮಧ್ಯಾಹ್ನದ ತನಕ ಮಲಗಿಬಿಟ್ಟಳು. ಆಮೇಲೆ ತಾನೇ ಎದ್ದು ಹಾಕಿಕೊಂಡಳು. ದಿನ ಕಳೆದ ಹಾಗೆ ಮರಳಿನ ಸದ್ದು ಕರಗಿ ಬೀಜದ ಸದ್ದಾಯಿತು. ಇಪ್ಪತ್ತಾರನೆಯ ದಿನ ಹತ್ತಕ್ಕೆ ಹತ್ತು. ಮರುದಿನ ಶಿಲ್ಪಾ ಕಿತಾಪತಿ ಮಾಡಿ ಎರಡು ಗಂಟಿನದ್ದನ್ನು ಬೆರೆಸಿ ಕೊಟ್ಟಳು.

"ಎರಡು ಹದದ್ದು ಕಲಸಿದ್ದೀಯಲ್ಲೇ" ಎಂದಳು ಸರ್ವಮಂಗಳಮ್ಮ ಕಣ್ಣು ತೆರೆಯದೆ.

ಶಿಲ್ಪಾ ಅತ್ತೆಯ ಎರಡೂ ಕೈ ಹಿಡಿದು ಕುಣಿದುಬಿಟ್ಟಳು. ಒಳಗೆ ಒಲೆಯ ಮೇಲಿದ್ದ ಎಣ್ಣೆ ಕಾದು ಸಾಸಿವೆ ಚಟಪಟ ಎನ್ನುತ್ತಿದ್ದದ್ದು ಮೊದಲು ಕೇಳಿಸಿದ್ದು ಅತ್ತೆಗೇ. ಸರ್ವಮಂಗಳಮ್ಮನಿಗೆ ಆ ಹೊತ್ತು ಹೇಳಲಾಗದಷ್ಟು ಸುಖವಾಯಿತು.

ಮಾರ್ಚ್ ಕೊನೆಯ ಸೋಮವಾರ ಹಬೀಬ್ ಸಾಹೇಬರು ರೋಬಸ್ಟಾ ಚೆರಿ ತರುತ್ತಾರೆಂದು ರುದ್ರೇಶ್ ಫೋನಿನಲ್ಲಿ ಹೇಳುತ್ತಿದ್ದದ್ದು ಆಕೆಯ ಕಿವಿಗೆ ಬಿತ್ತು. ಅಂದು ಕೂದಲನ್ನು ಬಿಗಿಯಾಗಿ ಎತ್ತಿ ಕಟ್ಟಿದಳು. ಮಿಷನ್ನು ಕಾಣುವುದಾದರೆ ಕಾಣಲಿ. ಅಂಗಡಿಗೆ ಹೋಗಿ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಳು.

ಸುಗ್ಗಿಯ ಕೊನೆಯ ದಿನಗಳು, ಅಂಗಡಿ ತುಂಬ ಜನ. ಸಾಹೇಬರಿಗಿಂತ ಮುಂಚೆ ಕೃಷ್ಣಪ್ಪ ಎಂಬವರ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಕಾಫಿ, ತೂಕವಾಯಿತು. ಆಮೇಲೆ ಸಾಹೇಬರ ಒಂಬತ್ತು ಚೀಲ ಇಳಿದವು. ರುದ್ರೇಶ್ ಒಂದು ಚೀಲದಿಂದ ಮಾದರಿ ತೆಗೆದು ಮೀಟರಿಗೆ ಹಾಕಿದ. ಹದಿನೈದು. ಇನ್ನೊಂದರಿಂದ ತೆಗೆದ. ಅದೂ ಹದಿನೈದು. ಮೂರನೆಯದು ಹದಿನೈದೂವರೆ.

"ಸಾಹೇಬ್ರೆ, ಹಸಿ ತೋರಿಸ್ತಿದೆಯಲ್ಲ" ಎಂದ ರುದ್ರೇಶ್, ಮುಜುಗರದಿಂದ. "ಇನ್ನೆರಡು ದಿನ ಕಣದಲ್ಲಿ ಹಾಕಿಸ್ಬೇಕಾಗ್ತದೆ."

ಹಿಂದೆ ನಿಂತವರಲ್ಲಿ ಯಾರೋ "ಮತ್ತೆ ಅದೇ ಕಥೆ" ಎಂದು ಪಿಸುಗುಟ್ಟಿದರು. ಮೊದಲಾಗಿದ್ದರೆ ಸರ್ವಮಂಗಳಮ್ಮನಿಗೆ ಅದು ಕೇಳಿಸುತ್ತಿರಲಿಲ್ಲ. ಸಾಹೇಬರು ತಲೆ ತಗ್ಗಿಸಿ ಗಿರಿಗೆ ಚೀಲ ಎತ್ತಲು ಕೈ ಮಾಡಿದರು.

"ನಿಲ್ಲಿಸು ಗಿರಿ" ಎಂದು ಆಕೆ ಎದ್ದು ಬಂದಳು. ಕಿವಿಯ ಹಿಂದೆ ಎರಡು ಸಲ ಒತ್ತಿದಳು. ಒಂದು ಹಿಡಿ ತೆಗೆದು ಅಲುಗಾಡಿಸಿದಳು. ಇನ್ನೊಂದು ಚೀಲ, ಮತ್ತೊಂದು. ಹೀಗೆ ಒಂಬತ್ತೂ ಚೀಲಗಳನ್ನು ನೋಡಿ ಮುಗಿಸಿದಳು.

"ಒಣಗಿದೆ" ಎಂದಳು. "ಒಂಬತ್ತಕ್ಕೆ ಒಂಬತ್ತೂ."

"ಅಮ್ಮ, ಮೀಟರು…"

"ಮೀಟರಿನ ಮಾತು ಆಮೇಲೆ. ಗಿರಿ, ಕುಟ್ಟು."

ಗಿರಿ ಒಂದು ಹಿಡಿಯನ್ನು ಒರಳಿಗೆ ಹಾಕಿ ಕುಟ್ಟಿ, ಸಿಪ್ಪೆ ಊದಿ, ಬೀಜ ಹಂಚಿದ. ಕೃಷ್ಣಪ್ಪ ಕಚ್ಚಿದರು, ಇನ್ನಿಬ್ಬರು ಕಚ್ಚಿದರು. ಹಸಿ ಬೀಜವಾದರೆ ಹಲ್ಲಿನ ಗುರುತು ಬೀಳುತ್ತದೆ. ಇದರ ಮೇಲೆ ಹಲ್ಲು ಊರಲೇ ಇಲ್ಲ.

"ಕಲ್ಲಾಗಿದೆ ರುದ್ರೇಶ, ಎಲ್ಲಿಯ ಹದಿನೈದು?" ಎಂದರು ಕೃಷ್ಣಪ್ಪ.

ರುದ್ರೇಶ್ ಮೀಟರನ್ನು ತಿರುಗಿಸಿ ನೋಡಿದ. ಪಾರ್ಚ್‌ಮೆಂಟಿಗೊಂದು, ಚೆರಿಗೊಂದು ಎಂದು ಅದರಲ್ಲಿ ಬೇರೆ ಬೇರೆ ಅಳತೆ. ಕೃಷ್ಣಪ್ಪನವರ ಪಾರ್ಚ್‌ಮೆಂಟ್ ಅಳೆದ ಮೇಲೆ ಅದನ್ನು ಬದಲಾಯಿಸುವುದನ್ನೇ ಮರೆತಿದ್ದ. ಬದಲಾಯಿಸಿ ಹಾಕಿದರೆ ಸರಿಯಾಗಿ ಹನ್ನೊಂದು ತೋರಿಸಿತು. ಅವನ ಮುಖ ಕೆಂಪಾಯಿತು. ಜನ ಗೊಳ್ಳೆಂದು ನಕ್ಕರು.

ಸರ್ವಮಂಗಳಮ್ಮ ನಗಲಿಲ್ಲ. ಇಷ್ಟು ದಿನ ಕಾದಿದ್ದ ಗಳಿಗೆ ಇದೇ ಎಂದು ಆಕೆಗೆ ಗೊತ್ತಿತ್ತು.

"ನಗೋದು ಬಿಟ್ಟು ಎಲ್ಲರೂ ಕೇಳ್ಕೊಳ್ಳಿ" ಎಂದಳು. "ಜನವರಿಲಿ ನಾನು ಇವರ ಚೆರೀನ ಹಸಿ ಅಂದೆ, ಎರಡು ಸಲ ವಾಪಸ್ ಕಳಿಸ್ದೆ. ಅದು ಹಸಿ ಇರ್ಲಿಲ್ಲ. ನನ್ನ ಕಿವಿ ಹೋಗಿತ್ತು. ಈಗ ಮಿಷನ್ ಹಾಕಿದ್ದೀನಿ, ಈಗ ಕೇಳಿಸ್ತಿದೆ, ಅದಕ್ಕೇ ಈಗ ಹೇಳ್ತಿದ್ದೀನಿ. ಇವರು ಇಪ್ಪತ್ತೈದು ವರ್ಷದಲ್ಲಿ ಒಂದು ಹಿಡಿ ಹಸಿ ಮಾಲು ತಂದಿಲ್ಲ. ಸಾಹೇಬ್ರೆ, ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ."

ಸಾಹೇಬರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

"ಚೆರಿ ಒಣಗಿತ್ತು ಅಂತ ನಂಗೆ ಆವತ್ತೇ ಗೊತ್ತಿತ್ತಕ್ಕ" ಎಂದರು. "ನಮ್ಮ ಕಣದಲ್ಲೇ ಗಲಗಲ ಅಂತಿತ್ತು. ನಿಮಗೆ ಕೇಳಿಸ್ತಿಲ್ಲ ಅಂತನೂ ಗೊತ್ತಾಯ್ತು."

"ಗೊತ್ತಿದ್ದೂ ಎರಡು ಸಲ ಹೊತ್ಕೊಂಡು ಹೋದ್ರಾ?"

"ಇಷ್ಟು ಜನರೆದುರು ನಿಮ್ಮ ಕಿವಿ ಹೋಗಿದೆ ಅಂತ ನಾನು ಹೆಂಗೆ ಹೇಳ್ಲಿ? ನನ್ನ ಚೆರಿ ಹೋದ್ರೆ ಮುಂದಿನ ವರ್ಷ ಬರ್ತದೆ. ನೀವು ಎದ್ದು ಹೋದ್ರೆ ಈ ಕುರ್ಚಿಗೆ ಯಾರು ಬರ್ತಾರೆ?"

ಸರ್ವಮಂಗಳಮ್ಮನ ಕಣ್ಣಲ್ಲಿ ನೀರು ತುಂಬಿತು. ಸೆರಗಿನಿಂದ ಒರೆಸಿಕೊಂಡಳು, ಒರೆಸಿಕೊಂಡ ಮೇಲೆ ಎಂದಿನ ಸಿಟ್ಟು ತಿರುಗಿ ಬಂತು. ತನ್ನ ಹೊಟ್ಟೆಯಲ್ಲಿ ಎರಡು ತಿಂಗಳಿಂದ ಕೂತಿದ್ದ ಕೆಂಡ ಆರಿಹೋದದ್ದು ಆ ಸಿಟ್ಟಿನಲ್ಲಿಯೇ ಆಕೆಗೆ ತಿಳಿಯಿತು.

"ಒಳ್ಳೆ ಮಾರಾಯ್ರು ನೀವು" ಎಂದಳು. "ಇನ್ನು ಮುಂದೆ ನಾನು ತಪ್ಪಿದ್ರೆ ಮುಖದೆದುರೇ ಹೇಳ್ಬೇಕು. ಎಷ್ಟು ಮೆತ್ತಗೆ ಹೇಳಿದ್ರೂ ನಂಗೀಗ ಕೇಳಿಸ್ತದೆ."

ಸಾಹೇಬರು ನಕ್ಕರು, ಅಂಗಡಿ ತುಂಬ ನಗು ಹರಡಿತು. ರುದ್ರೇಶ್ ಅಮ್ಮನ ಕುರ್ಚಿಯ ಧೂಳು ತನ್ನ ಟವೆಲಿನಿಂದ ಒರೆಸಿ ಮುಂದೆ ಎಳೆದಿಟ್ಟ. ಮೀಟರಿನ ಮೇಜಿನ ಮುಂದೆ ಸಾಲಾಗಿ ನಿಂತಿದ್ದವರು ಒಬ್ಬೊಬ್ಬರಾಗಿ ಚೀಲ ಎಳೆದುಕೊಂಡು ಆಕೆಯ ಕಡೆಗೆ ಬಂದರು. ಮೊದಲು ಬಂದವನಿಗೆ ಆಕೆ ಇನ್ನೊಂದು ಬಿಸಿಲು ಬೇಕೆಂದಳು, ಅವನು ತುಟಿಪಿಟಕ್ಕೆನ್ನದೆ ಚೀಲ ಕಟ್ಟಿದ.